ಲಿಂಕ್ಡ್‌ಇನ್ ಪರಿಚಯವನ್ನು ನಿಜವಾದ ಒಡನಾಟವಾಗಿ ಬೆಳೆಸುವುದು ಹೇಗೆ?

‘ಗೌರವಾನ್ವಿತ ಸರ್, ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ನನ್ನ ವಿದ್ಯಾರ್ಹತೆಗೆ ತಕ್ಕ ಕೆಲಸ ಖಾಲಿ ಇದ್ದರೆ ದಯವಿಟ್ಟು ತಿಳಿಸಿ. ರೆಸ್ಯೂಮೆ ಲಗತ್ತಿಸಿದ್ದೇನೆ.’

ಲಿಂಕ್ಡ್‌ಇನ್‌ನಲ್ಲಿ ತುಸು ಹಿರಿಯ ಹುದ್ದೆಯಲ್ಲಿರುವ ಯಾರನ್ನೇ ಕೇಳಿ, ಇಂಥ ಸಂದೇಶಗಳು ತಪ್ಪದೆ ಬರುತ್ತಿರುತ್ತವೆ ಎನ್ನುತ್ತಾರೆ. ಬರೆದವರ ಕಷ್ಟ ನಿಜವಾದದ್ದೇ. ಆದರೆ ಅವರು ಯಾರು, ಏನು ಬಲ್ಲರು, ನೂರಾರು ಜನರನ್ನು ಬಿಟ್ಟು ನನ್ನನ್ನೇ ಏಕೆ ಕೇಳುತ್ತಿದ್ದಾರೆ ಎಂಬುದು ಓದುವವರಿಗೆ ತಿಳಿಯುವುದಿಲ್ಲ. ಉತ್ತರ ಕೊಡಬೇಕೆಂದು ಮನಸ್ಸಿದ್ದರೂ ಎಲ್ಲಿಂದ ಶುರುಮಾಡಬೇಕೆಂದು ತೋಚದೆ ಸುಮ್ಮನಾಗುತ್ತಾರೆ. ಅತ್ತ ಕಳುಹಿಸಿದವರು ‘ಪ್ರಭಾವ ಇಲ್ಲದವರಿಗೆ ಇಲ್ಲೇನೂ ನಡೆಯುವುದಿಲ್ಲ’ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ.

ಆ ತೀರ್ಮಾನ ತಪ್ಪು ಎಂದು ನಾನು ದೃಢವಾಗಿ ನಂಬಿದ್ದೇನೆ. ದೊಡ್ಡ ಕಾಲೇಜು, ಪ್ರಭಾವಿ ಬಂಧುಗಳು ಯಾವುದೂ ಇಲ್ಲದವರಿಗೇ ಇಂಥ ಜಾಲತಾಣ ಹೆಚ್ಚು ಉಪಯೋಗಕ್ಕೆ ಬರಬೇಕು, ಬರುತ್ತದೆ ಕೂಡ. ಅದಕ್ಕೆ ಒಂದು ಅಭ್ಯಾಸ ಬೇಕು: ಯಾರಾದರೂ ಒಂದು ಸಲಹೆ ಕೊಟ್ಟರೆ, ಅದು ಏನಾಯಿತು ಎಂದು ಅವರಿಗೆ ತಿರುಗಿ ತಿಳಿಸುವುದು. ಈ ಲೇಖನದಲ್ಲಿ ಉಳಿದದ್ದೆಲ್ಲ ಆ ಹಂತದವರೆಗೆ ಹೋಗುವ ದಾರಿ.

ಈ ದಾರಿಗೆ ಸಂಶೋಧನೆಯ ಆಧಾರವೂ ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರ್ಯಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಪರಿಚಯದ ಮೂಲಕ ಕೆಲಸ ಹಿಡಿದವರಲ್ಲಿ ಬಹುಪಾಲು ಜನರಿಗೆ ಸುದ್ದಿ ತಲುಪಿಸಿದ್ದು ಆಪ್ತರಲ್ಲ, ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಭೇಟಿಯಾಗುವವರು ಎಂದು ತೋರಿಸಿದರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ಬೇರೆ ವಲಯದಿಂದ ಎಂಬುದು ಅವರ ವಿವರಣೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದೇ ಮಾತನ್ನು ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ, 5 ವರ್ಷಗಳ ಪ್ರಯೋಗಗಳ ಮೂಲಕ ಪರೀಕ್ಷಿಸಿತು. ಹೆಚ್ಚು ನೆರವಾದದ್ದು ತೀರಾ ಆಪ್ತರೂ ಅಲ್ಲದ, ಹೆಸರಿಗಷ್ಟೇ ಸಂಪರ್ಕದಲ್ಲಿರುವವರೂ ಅಲ್ಲದ ನಡುವಿನ ಪರಿಚಯಗಳು. ಅಂದರೆ ಸಾವಿರಾರು ಅಪರಿಚಿತರನ್ನು ಸೇರಿಸಿಕೊಳ್ಳುವುದರಿಂದ ಹೆಚ್ಚೇನೂ ಆಗದು. ಹೆಸರು ಕಂಡರೆ ‘ಓ, ಇವರಾ’ ಎಂದು ನೆನಪಾಗುವಷ್ಟು ಪರಿಚಯವಿರುವ ಕೆಲವರು ಬೇಕು.

ಒಂದು ಉದಾಹರಣೆಯನ್ನು ಜೊತೆಗಿಟ್ಟುಕೊಂಡು ಮುಂದೆ ಹೋಗೋಣ. ಲಿಂಕ್ಡ್‌ಇನ್ ಎಂದರೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಎಂದೇ ನಮ್ಮಲ್ಲಿ ಅನೇಕರ ಭಾವನೆ. ಹಾಗಾಗಿ ಬೇಕೆಂದೇ ಬೇರೆ ಕಡೆಯಿಂದ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳುತ್ತೇನೆ: ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ, ಅಂದರೆ ಕರಗಿದ ಲೋಹವನ್ನು ಮರಳಿನ ಅಚ್ಚಿಗೆ ಸುರಿದು ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ, ಎರಕದ ಗುಣಮಟ್ಟ ತಪಾಸಣೆ ಮಾಡುವವನು.

ಪ್ರೊಫೈಲ್: ಮೊದಲು ಹೆಸರು ಸರಿಮಾಡಿ

ನಮ್ಮ ಕಡೆಯ ಹೆಸರುಗಳಿಗೆ ಇಲ್ಲಿ ಒಂದು ತೊಡಕಿದೆ. ಲಿಂಕ್ಡ್‌ಇನ್ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಕೇಳುತ್ತದೆ. ಕರ್ನಾಟಕದಲ್ಲಿ ಬಹಳಷ್ಟು ಜನರಿಗೆ ಇರುವುದು ಒಂದು ಹೆಸರು ಮತ್ತು ಇನಿಶಿಯಲ್. ಕೊನೆಯ ಹೆಸರಿನ ಜಾಗದಲ್ಲಿ ಬರೀ ‘ಎಸ್’ ಎಂದೋ ‘ಎಂ’ ಎಂದೋ ಹಾಕಿದರೆ ಮಂಜುನಾಥ ಎಸ್. ಎಂಬ ನೂರಾರು ಜನರ ನಡುವೆ ನೀವು ಕಳೆದುಹೋಗುತ್ತೀರಿ. ಇನಿಶಿಯಲ್ಲನ್ನು ಬಿಡಿಸಿ ಬರೆಯಿರಿ, ಅದು ತಂದೆಯ ಹೆಸರಾಗಲಿ, ಊರಿನ ಹೆಸರಾಗಲಿ, ಮನೆತನದ ಹೆಸರಾಗಲಿ. ಅಂಕಪಟ್ಟಿ, ರೆಸ್ಯೂಮೆ, ಪ್ರೊಫೈಲ್ ಮೂರರಲ್ಲೂ ಕಾಗುಣಿತ ಒಂದೇ ಇರಲಿ. ಹೆಸರನ್ನು ನಿಮ್ಮದೇ ದನಿಯಲ್ಲಿ 10 ಸೆಕೆಂಡಿನೊಳಗೆ ಹೇಳಿ ದಾಖಲಿಸುವ ಸೌಲಭ್ಯ ಮೊಬೈಲ್ ಆ್ಯಪ್‌ನಲ್ಲಿದೆ. ಹೊರರಾಜ್ಯದ, ಹೊರದೇಶದವರೊಂದಿಗೆ ಮಾತಾಡಬೇಕಾದವರಿಗೆ ಅದು ತುಂಬ ಅನುಕೂಲ.

ಹೆಸರಿನ ಕೆಳಗಿನ ಶೀರ್ಷಿಕೆಗೆ 220 ಅಕ್ಷರಗಳ ಜಾಗವಿದೆ. ‘ಉತ್ಸಾಹಿ, ಶ್ರಮಜೀವಿ, ಅವಕಾಶ ಅರಸುತ್ತಿರುವೆ’ ಎಂದು ಬರೆದರೆ ಅದು ಯಾರಿಗೆ ಬೇಕಾದರೂ ಹೊಂದುತ್ತದೆ, ಆದ್ದರಿಂದ ಯಾರನ್ನೂ ಗುರುತಿಸುವುದಿಲ್ಲ. ನಮ್ಮ ಹುಡುಗ ‘ಫೌಂಡ್ರಿ ಗುಣಮಟ್ಟ ತಪಾಸಣೆ, ಗ್ರೀನ್ ಸ್ಯಾಂಡ್ ಅಚ್ಚು, ಗ್ರೇ ಐರನ್ ಎರಕ, ಬೆಳಗಾವಿ’ ಎಂದು ಬರೆದರೆ ಆ ಕ್ಷೇತ್ರದವರ ಕಣ್ಣು ಅಲ್ಲಿ ನಿಲ್ಲುತ್ತದೆ. ಕೆಲಸಕ್ಕೆ ಜನ ಹುಡುಕುವವರು ಇಂಗ್ಲಿಷ್ ಪದಗಳಲ್ಲೇ ಹುಡುಕುವುದರಿಂದ ಇದನ್ನು ಇಂಗ್ಲಿಷಿನಲ್ಲಿ ಬರೆಯುವುದು ಒಳ್ಳೆಯದು. ನಿಮ್ಮ ಪರಿಚಯ ಹೇಳುವ ‘ಅಬೌಟ್’ ಭಾಗದಲ್ಲಿ 2,600 ಅಕ್ಷರಗಳವರೆಗೆ ಬರೆಯಬಹುದು, ಆದರೆ ಪೂರ್ತಿ ತೆರೆಯದವರಿಗೆ ಕಾಣುವುದು ಮೊದಲ ಕೆಲವು ಸಾಲು ಮಾತ್ರ. ಏನು ಮಾಡುತ್ತೀರಿ, ಯಾವ ಬಗೆಯ ಸಮಸ್ಯೆ ಬಿಡಿಸಬಲ್ಲಿರಿ, ಮುಂದೆ ಏನು ಕಲಿಯುತ್ತಿದ್ದೀರಿ ಎಂಬುದನ್ನು ಆ ಸಾಲುಗಳಲ್ಲೇ ಹೇಳಿಬಿಡಿ. ಫೋಟೋ ಸ್ಟುಡಿಯೋದ್ದೇ ಆಗಬೇಕಿಲ್ಲ. ಮುಖ ಬೆಳಕಿನಲ್ಲಿ ಸ್ಪಷ್ಟವಾಗಿ ಕಂಡರೆ ಸಾಕು.

ಯಾರನ್ನು ಹುಡುಕಬೇಕು

ಎಲ್ಲರೂ ಮೊದಲು ಕೈಹಾಕುವುದು ಕಂಪನಿಯ ಮುಖ್ಯಸ್ಥರಿಗೆ, ಇಲ್ಲವೇ ಎಚ್‌ಆರ್ ವಿಭಾಗದವರಿಗೆ. ನನ್ನ ಅನುಭವದಲ್ಲಿ ಹೆಚ್ಚು ಫಲ ಕೊಡುವವರು ನಿಮಗಿಂತ ಮೂರರಿಂದ ಐದು ವರ್ಷ ಮುಂದಿರುವವರು. ನೀವು ಈಗ ನಿಂತ ಜಾಗದಲ್ಲಿ ಅವರು ಇತ್ತೀಚೆಗಷ್ಟೇ ನಿಂತಿದ್ದರು, ಅಲ್ಲಿಂದ ಮೇಲೆ ಬಂದ ಬಗೆ ಅವರಿಗೆ ನೆನಪಿರುತ್ತದೆ, ಉತ್ತರ ಬರೆಯಲು ಪುರುಸೊತ್ತೂ ಇರುತ್ತದೆ.

ಇವರನ್ನು ಹುಡುಕಲು ಬಹಳ ಜನ ಬಳಸದೆ ಬಿಟ್ಟಿರುವ ಒಂದು ಸಾಧನವಿದೆ. ನಿಮ್ಮ ಕಾಲೇಜಿನ ಅಥವಾ ವಿಶ್ವವಿದ್ಯಾಲಯದ ಲಿಂಕ್ಡ್‌ಇನ್ ಪುಟಕ್ಕೆ ಹೋಗಿ, ಹಳೆಯ ವಿದ್ಯಾರ್ಥಿಗಳ ವಿಭಾಗ ತೆರೆಯಿರಿ. ಅವರು ಎಲ್ಲಿ ವಾಸವಾಗಿದ್ದಾರೆ, ಎಲ್ಲಿ ಕೆಲಸ ಮಾಡುತ್ತಾರೆ, ಏನು ಮಾಡುತ್ತಾರೆ ಎಂದು ಬೇರೆಬೇರೆಯಾಗಿ ಸೋಸಿ ನೋಡಬಹುದು. ವಿಟಿಯು ಅಡಿಯಲ್ಲಿ ಓದಿದವರಂತೂ ಪುಣೆ, ಚೆನ್ನೈ, ಜರ್ಮನಿ ಎಲ್ಲೆಲ್ಲೂ ಸಿಗುತ್ತಾರೆ. ಒಂದೇ ಕಾಲೇಜಿನ ಒಂದೇ ವಿಭಾಗದವರೆಂಬ ಎಳೆ ಸಿಕ್ಕರೆ ಮಾತು ಶುರುಮಾಡಲು ಅಷ್ಟು ಸಾಕು.

ಹತ್ತು–ಹದಿನೈದು ಹೆಸರುಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ, ಪ್ರತಿ ಹೆಸರಿನ ಮುಂದೆ ‘ಇವರೇ ಏಕೆ’ ಎಂಬುದಕ್ಕೆ ಒಂದು ಸಾಲು. ಆ ಸಾಲು ಬರೆಯಲು ಆಗದಿದ್ದರೆ ಆ ಹೆಸರನ್ನು ಬಿಟ್ಟುಬಿಡಿ.

ಸಂಪರ್ಕ ವಿನಂತಿಗಿಂತ ಮೊದಲು ಓದು

ಅವರನ್ನು ಸದ್ಯಕ್ಕೆ ಫಾಲೋ ಮಾಡಿ, ಬರೆದದ್ದನ್ನು ಕೆಲವು ವಾರ ಓದಿ. ಹೇಳಲು ವಿಷಯವಿದ್ದಾಗ ಮಾತ್ರ ಕಾಮೆಂಟ್ ಬರೆಯಿರಿ. ‘ಉತ್ತಮ ಮಾಹಿತಿ ಸರ್’ ಎಂಬುದರಿಂದ ಬರೆದವರಿಗೆ ಏನೂ ದಕ್ಕುವುದಿಲ್ಲ. ‘ನೀವು ಹೇಳಿದ ದೋಷ ನಮ್ಮಲ್ಲಿ ಮಳೆಗಾಲದಲ್ಲಿ ಹೆಚ್ಚು ಕಾಣುತ್ತದೆ, ನಿಮ್ಮಲ್ಲೂ ಹಾಗೆಯೇ?’ ಎಂದು ಕೇಳಿದರೆ ಮಾತು ಮುಂದುವರಿಯುತ್ತದೆ, ಅದನ್ನು ಓದುವ ಇನ್ನಿಬ್ಬರು ಮೂವರು ನಿಮ್ಮ ಪ್ರೊಫೈಲ್ ತೆರೆದೂ ನೋಡುತ್ತಾರೆ.

ಮೊದಲ ಸಂದೇಶ

ಉಚಿತ ಖಾತೆಯಲ್ಲಿ ವಿನಂತಿಯ ಜೊತೆ ಟಿಪ್ಪಣಿ ಕಳುಹಿಸಲು ತಿಂಗಳಿಗೆ ಕೆಲವೇ ಅವಕಾಶಗಳಿವೆ, ಅಕ್ಷರ ಮಿತಿಯೂ ಬಿಗಿ. ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನು ಗಮನಿಸಬೇಕು. ಕಂಪ್ಯೂಟರಿನ ಲೆಕ್ಕದಲ್ಲಿ ಒತ್ತಕ್ಷರ, ಸ್ವರಚಿಹ್ನೆಗಳೂ ಬಿಡಿಬಿಡಿಯಾಗಿ ಎಣಿಕೆಯಾಗುವುದರಿಂದ ಜಾಗ ಬೇಗ ಮುಗಿಯುತ್ತದೆ. ನೋಟ್‌ಬುಕ್‌ನ ಪಟ್ಟಿಯಲ್ಲಿ ಮುಖ್ಯವೆನಿಸಿದ ಹೆಸರುಗಳಿಗೆ ಮಾತ್ರ ಈ ಟಿಪ್ಪಣಿಗಳನ್ನು ಮೀಸಲಿಡಿ.

ನಮ್ಮ ಹುಡುಗ, ಎರಕದಲ್ಲಿ ಗಾಳಿಗುಳ್ಳೆಯಿಂದ ಆಗುವ ಬ್ಲೋ ಹೋಲ್ ದೋಷದ ಬಗ್ಗೆ ಬರೆಯುತ್ತಿರುವ ಹಿರಿಯರೊಬ್ಬರಿಗೆ ಹೀಗೆ ಬರೆಯಬಹುದು:

‘ನಮಸ್ಕಾರ ಸರ್. ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಗುಣಮಟ್ಟ ತಪಾಸಣೆಯಲ್ಲಿದ್ದೇನೆ. ಬ್ಲೋ ಹೋಲ್ ಕುರಿತ ನಿಮ್ಮ ಬರಹ ಓದಿ ನಮ್ಮ ಮರಳಿನ ದಾಖಲೆ ತೆಗೆದು ನೋಡಿದೆ. ಸಂಪರ್ಕದಲ್ಲಿರಲು ಇಚ್ಛಿಸುತ್ತೇನೆ.’

ಅವರ ಬರಹ ಓದಿದ ಮೇಲೆ ತಾನೇನು ಮಾಡಿದೆ ಎಂಬುದು ಇದರಲ್ಲಿದೆ, ಬೇಡಿಕೆ ಯಾವುದೂ ಇಲ್ಲ. ಅವರು ಕನ್ನಡಿಗರೆಂದು ಖಚಿತವಿದ್ದರೆ ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್ ಸಂದೇಶಗಳ ರಾಶಿಯಲ್ಲಿ ನಾಲ್ಕು ಸಾಲು ಕನ್ನಡ ಕಂಡರೆ ಮನಸ್ಸಿಗೆ ಹಿತವಾಗುತ್ತದೆ. ಇಲ್ಲದಿದ್ದರೆ ಸರಳ ಇಂಗ್ಲಿಷ್ ಸಾಕು, ‘ಪ್ರತಿಷ್ಠಿತ’, ‘ಗೌರವಾನ್ವಿತ’ಗಳ ಹೊರೆ ಯಾವ ಭಾಷೆಯಲ್ಲೂ ಬೇಡ. ಸರ್, ಮೇಡಂ ಎನ್ನಲು ಸಂಕೋಚ ಪಡಬೇಕಿಲ್ಲ. ಹೆಸರು ಹಿಡಿದೇ ಕರೆಯಿರಿ ಎಂದು ಅವರು ಹೇಳಿದರೆ ಆಗ ಬದಲಿಸಿಕೊಂಡರಾಯಿತು.

ಒಂದೇ ಪ್ರಶ್ನೆ, ಅವರು ಬಲ್ಲ ಪ್ರಶ್ನೆ

ವಿನಂತಿ ಒಪ್ಪಿಕೊಂಡ ತಕ್ಷಣ ರೆಸ್ಯೂಮೆ ಕಳುಹಿಸಿದರೆ ಅದುವರೆಗಿನದೆಲ್ಲ ನಾಟಕವಾಗಿತ್ತು ಎಂದು ಅವರಿಗೆ ಅನಿಸುತ್ತದೆ. ಮೊದಲು ಧನ್ಯವಾದ ಹೇಳಿ. ನಂತರ, ಕೆಲಸ ಮಾಡುವಾಗ ನಿಜವಾಗಿ ಎದುರಾದ ಒಂದು ಪ್ರಶ್ನೆ ಕೇಳಿ. ‘ವೃತ್ತಿಯಲ್ಲಿ ಬೆಳೆಯಲು ಏನು ಮಾಡಬೇಕು ಸರ್?’ ಎಂಬುದಕ್ಕೆ ಉತ್ತರಿಸಲು ಯಾರಿಗೂ ಆಗುವುದಿಲ್ಲ. ಐದು ನಿಮಿಷದಲ್ಲಿ ಮೊಬೈಲ್‌ನಲ್ಲೇ ಉತ್ತರಿಸಬಹುದಾದ ಪ್ರಶ್ನೆ ಹೀಗಿರುತ್ತದೆ:

‘ಸರ್, ನಮ್ಮಲ್ಲಿ ಬ್ಲೋ ಹೋಲ್ ರಿಜೆಕ್ಷನ್ ಬೆಳಗಿನ ಪಾಳಿಯಲ್ಲೇ ಹೆಚ್ಚು. ಮರಳಿನ ತೇವಾಂಶ ಎರಡೂ ಪಾಳಿಗಳಲ್ಲಿ ಹೆಚ್ಚುಕಡಿಮೆ ಒಂದೇ ಇದೆ. ನೀವಾಗಿದ್ದರೆ ಮುಂದೆ ಏನನ್ನು ಪರೀಕ್ಷಿಸುತ್ತಿದ್ದಿರಿ? ಮರಳಿನ ಪರ್ಮಿಯೆಬಿಲಿಟಿಯನ್ನೋ, ಕೋರ್‌ಗಳನ್ನೋ?’

(ರಿಜೆಕ್ಷನ್ ಎಂದರೆ ದೋಷದಿಂದ ತಿರಸ್ಕೃತವಾದ ಎರಕ, ಪರ್ಮಿಯೆಬಿಲಿಟಿ ಎಂದರೆ ಅನಿಲವನ್ನು ಹೊರಬಿಡುವ ಮರಳಿನ ಗುಣ, ಕೋರ್ ಎಂದರೆ ಎರಕದೊಳಗೆ ಟೊಳ್ಳು ಮೂಡಿಸಲು ಅಚ್ಚಿನಲ್ಲಿಡುವ ಮರಳಿನ ತುಂಡು.) ಇದನ್ನು ಓದಿದ ಅನುಭವಿಗೆ ಹುಡುಗ ದಾಖಲೆ ನೋಡಿದ್ದಾನೆ, ಒಂದು ಕಾರಣವನ್ನು ಆಗಲೇ ಕೈಬಿಟ್ಟಿದ್ದಾನೆ, ಎರಡು ಸಾಧ್ಯತೆಗಳನ್ನು ತಾನೇ ಯೋಚಿಸಿದ್ದಾನೆ ಎಂಬುದೆಲ್ಲ ಒಂದೇ ನೋಟಕ್ಕೆ ತಿಳಿಯುತ್ತದೆ. ರೆಸ್ಯೂಮೆಯ ಎರಡು ಪುಟ ಹೇಳಲಾರದ್ದನ್ನು ಈ ನಾಲ್ಕು ಸಾಲು ಹೇಳುತ್ತವೆ. ‘ರಾತ್ರಿ ತೆರೆದಿಟ್ಟ ಕೋರ್‌ಗಳು ಗಾಳಿಯ ತೇವ ಹೀರಿರಬಹುದು, ಮುಚ್ಚಿಟ್ಟು ನೋಡಿ’ ಎಂದು ಅವರು ಒಂದು ಸಾಲು ಬರೆದರು ಎಂದಿಟ್ಟುಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ. ಗ್ರಾಹಕ ಕಂಪನಿಯ ಹೆಸರು, ಬಿಡಿಭಾಗದ ನಕ್ಷೆ, ಫೋಟೋ, ರಿಜೆಕ್ಷನ್ನಿನ ನಿಖರ ಶೇಕಡಾವಾರು ಇವು ಯಾವುವೂ ನಿಮ್ಮ ಸ್ವತ್ತಲ್ಲ. ಪ್ರಶ್ನೆಯಲ್ಲೂ ಪೋಸ್ಟ್‌ನಲ್ಲೂ ಅವು ಇರಬಾರದು. ಸಮಸ್ಯೆಯ ಸ್ವರೂಪ ಹೇಳಿದರೆ ಸಾಕಾಗುತ್ತದೆ. ಯಾವುದು ಹೇಳಬಹುದು ಎಂಬ ಅನುಮಾನವಿದ್ದರೆ ಮೇಲ್ವಿಚಾರಕರನ್ನು ಕೇಳಿಯೇ ಬರೆಯಿರಿ.

ತಿರುಗಿ ತಿಳಿಸುವುದು

ಸಲಹೆ ಬಂದ ಮೇಲೆ ಹೆಚ್ಚಿನವರು ‘ಥ್ಯಾಂಕ್ಯೂ ಸರ್’ ಎಂದು ಬರೆದು ಮರೆಯಾಗುತ್ತಾರೆ. ಮತ್ತೆ ಕಾಣಿಸಿಕೊಳ್ಳುವುದು ಆರು ತಿಂಗಳ ನಂತರ, ಇನ್ನೊಂದು ಸಹಾಯ ಬೇಕಾದಾಗ. ಕೊಟ್ಟವರಿಗೆ ತಾವು ಹೇಳಿದ್ದು ಉಪಯೋಗಕ್ಕೆ ಬಂತೋ ಇಲ್ಲವೋ ಎಂಬುದು ಕೊನೆಗೂ ಗೊತ್ತಾಗುವುದಿಲ್ಲ. ಒಬ್ಬ ಅನುಭವಿ ತನ್ನ ಸಮಯ ಕೊಟ್ಟಾಗ ಹಣ, ಹೊಗಳಿಕೆ ನಿರೀಕ್ಷಿಸುವುದಿಲ್ಲ. ತನ್ನ ಊಹೆ ಸರಿಯಿತ್ತೇ ಎಂದು ತಿಳಿಯುವ ಕುತೂಹಲವಂತೂ ಇದ್ದೇ ಇರುತ್ತದೆ. ಆ ಕುತೂಹಲವನ್ನು ತಣಿಸುವವರು ಅಪರೂಪ. ಹಾಗಾಗಿಯೇ ಅವರು ನೆನಪಿನಲ್ಲಿ ಉಳಿಯುತ್ತಾರೆ.

ಎರಡು ಮೂರು ವಾರ ಬಿಟ್ಟು ನಮ್ಮ ಹುಡುಗ ಬರೆಯುತ್ತಾನೆ:

‘ಸರ್, ನೀವು ಹೇಳಿದಂತೆ ರಾತ್ರಿ ಉಳಿದ ಕೋರ್‌ಗಳನ್ನು ಮುಚ್ಚಿಡಲು ಶುರುಮಾಡಿದೆವು. ಬೆಳಗಿನ ಪಾಳಿಯ ರಿಜೆಕ್ಷನ್ ಇಳಿದಿದೆ, ಪೂರ್ತಿ ನಿಂತಿಲ್ಲ. ಅಚ್ಚಿನಲ್ಲಿ ಗಾಳಿ ಹೊರಹೋಗುವ ದಾರಿಗಳನ್ನು ಈಗ ನೋಡುತ್ತಿದ್ದೇವೆ. ಸಲಹೆ ನಿಮ್ಮದೆಂದು ನಮ್ಮ ಮೇಲ್ವಿಚಾರಕರಿಗೂ ಹೇಳಿದ್ದೇನೆ.’

ಈ ಸಂದೇಶದಲ್ಲಿ ಉತ್ಪ್ರೇಕ್ಷೆಯಿಲ್ಲ. ‘ಪೂರ್ತಿ ನಿಂತಿಲ್ಲ’ ಎಂಬ ಮಾತನ್ನು ನಾನು ಎಷ್ಟು ಮೆಚ್ಚಿದರೂ ಸಾಲದು. ಅದರಿಂದಲೇ ಓದುವವರಿಗೆ ಉಳಿದ ಸಾಲುಗಳ ಮೇಲೆ ನಂಬಿಕೆ ಬರುತ್ತದೆ. ಸಲಹೆ ಫಲ ಕೊಡದಿದ್ದರೂ ಬರೆಯಲೇಬೇಕು: ‘ಮಾಡಿ ನೋಡಿದೆವು, ವ್ಯತ್ಯಾಸ ಕಾಣಲಿಲ್ಲ. ಕಾರಣ ಬೇರೆ ಇರಬಹುದು.’ ಇದರಿಂದ ಹಿರಿಯರಿಗೆ ಬೇಸರವಾದೀತೆಂದು ಅನೇಕರು ಹಿಂಜರಿಯುತ್ತಾರೆ. ಕೆಲಸದಲ್ಲಿ ಪಳಗಿದವರಿಗೆ ಬೇಸರವಾಗುವುದಿಲ್ಲ, ಅವರು ಎರಡನೆಯ ಊಹೆ ಹೇಳುತ್ತಾರೆ. ಮಾತು ಬೆಳೆಯುವುದು ಅಲ್ಲಿಂದಲೇ. ಸಲಹೆಯನ್ನು ಇನ್ನೂ ಪಾಲಿಸಲು ಆಗಿಲ್ಲವೆಂದರೆ ಅದನ್ನೂ ತಿಳಿಸಬಹುದು: ‘ಆ ಕೋರ್ಸ್‌ಗೆ ಜೂನ್‌ನಲ್ಲಿ ಸೇರುತ್ತೇನೆ, ಮುಗಿಸಿ ಬರೆಯುತ್ತೇನೆ.’ ಹಾಗೆ ಹೇಳಿದ ಮೇಲೆ ಜೂನ್ ಕಳೆದಾಗ ಬರೆಯಿರಿ.

ನೋಟ್‌ಬುಕ್‌ನ ಪಟ್ಟಿಗೆ ಇನ್ನೆರಡು ಕಾಲಂ ಎಳೆಯಿರಿ: ಯಾರು ಏನು ಹೇಳಿದರು, ಅವರಿಗೆ ಯಾವಾಗ ತಿಳಿಸಬೇಕು. ಆಮೇಲೆ ವಾರಕ್ಕೆ ಅರ್ಧ ಗಂಟೆ ಇದಕ್ಕೆ ಕೊಟ್ಟರೆ ಸಾಕು. ದಿನವಿಡೀ ಫೀಡ್ ಸರಿಸುತ್ತ ಕೂರುವ ಅಗತ್ಯವೇ ಇಲ್ಲ.

ಕಿರಿಯರ ಬಳಿ ಕೊಡಲು ಏನಿದೆ?

ಬಹಳವಿದೆ. ಹಿರಿಯರಾದಂತೆ ಜನ ಯಂತ್ರದಿಂದ, ಕೆಲಸ ನಡೆಯುವ ಅಂಗಳದಿಂದ ದೂರವಾಗುತ್ತಾರೆ. ಹೊಸ ಸಾಫ್ಟ್‌ವೇರ್ ಕೆಲಸಗಾರರ ಕೈಯಲ್ಲಿ ಹೇಗೆ ನಡೆಯುತ್ತಿದೆ, ಐಟಿಐ ಮುಗಿಸಿ ಬರುವ ಹುಡುಗರಿಗೆ ಏನು ಗೊತ್ತಿರುತ್ತದೆ ಎಂಬುದು ಅವರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಅವರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿರುವ ಇನ್ನೊಬ್ಬರನ್ನು ಪರಿಚಯಿಸಿ, ಇಬ್ಬರ ಒಪ್ಪಿಗೆಯನ್ನೂ ಮೊದಲೇ ಪಡೆದು. ನೀವೇ ಬರೆಯುವುದಾದರೆ ಈ ವಾರ ಕಲಿತ ಒಂದು ಸಣ್ಣ ಸಂಗತಿಯನ್ನು ಬರೆಯಿರಿ, ಪ್ರೇರಣೆಯ ಮಾತುಗಳನ್ನು ಬರೆಯಲು ಆಗಲೇ ಸಾಕಷ್ಟು ಜನರಿದ್ದಾರೆ. ನಿಮಗಿಂತ ಕಿರಿಯರು ಸಂದೇಶ ಕಳುಹಿಸಿದರೆ ಉತ್ತರಿಸಿ.

ಒಮ್ಮೆಯಾದರೂ ಮುಖಾಮುಖಿ

ಪರದೆಯ ಮೇಲಿನ ಪರಿಚಯಕ್ಕೆ ಒಂದು ಭೇಟಿ ಸೇರಿದರೆ ಅದರ ಗಟ್ಟಿತನವೇ ಬೇರೆ. ಪ್ರತಿ ಕ್ಷೇತ್ರಕ್ಕೂ ತನ್ನದೇ ಸಂತೆಗಳಿವೆ. ಯಂತ್ರೋಪಕರಣಗಳ ಇಮ್ಟೆಕ್ಸ್ ಪ್ರದರ್ಶನ ಬೆಂಗಳೂರಿನ ತುಮಕೂರು ರಸ್ತೆಯ ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರದಲ್ಲಿ ನಡೆಯುತ್ತದೆ. ತಂತ್ರಜ್ಞಾನದವರಿಗೆ ನವೆಂಬರ್ ಸುಮಾರಿಗೆ ಬೆಂಗಳೂರು ಟೆಕ್ ಸಮ್ಮಿಟ್ ಇದೆ. ಫೌಂಡ್ರಿಯವರಿಗೆ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಫೌಂಡ್ರಿಮೆನ್ ಸಂಸ್ಥೆಯ ಶಾಖೆ ಬೆಳಗಾವಿಯಲ್ಲೇ ಇದೆ. ಹೋಗುವ ಒಂದು ವಾರ ಮೊದಲೇ ಬರೆಯಿರಿ: ‘ಗುರುವಾರ ಬರುತ್ತಿದ್ದೇನೆ ಸರ್, ನಿಮ್ಮ ಮಳಿಗೆಯ ಬಳಿ ಹತ್ತು ನಿಮಿಷ ಸಿಗಬಹುದೇ?’ ದೂರದಲ್ಲಿದ್ದರೆ ಕಾಲು ಗಂಟೆಯ ಫೋನ್ ಕರೆ ಕೇಳಿ, ಕಾಲು ಗಂಟೆ ಮುಗಿದಾಗ ನೀವೇ ಮಾತು ಮುಗಿಸಿ.

ಮೌನ, ಮುಜುಗರ, ಮೋಸ

ಉತ್ತರ ಬಾರದಿದ್ದರೆ ಎರಡು ವಾರದ ನಂತರ ಒಮ್ಮೆ ನೆನಪಿಸಬಹುದು. ಆಮೇಲೆ ಬಿಟ್ಟುಬಿಡಿ. ಅದೇ ಸಂದೇಶವನ್ನು ಅವರ ವಾಟ್ಸ್ಆ್ಯಪ್‌ಗೆ, ಫೇಸ್‌ಬುಕ್‌ಗೆ ಹಿಂಬಾಲಿಸಿ ಕಳುಹಿಸುವುದು ಮರ್ಯಾದೆಯಲ್ಲ.

ಮಹಿಳೆಯರು ಇಲ್ಲಿ ಅನುಭವಿಸುವ ಕಿರಿಕಿರಿಯ ಬಗ್ಗೆ ಗಂಡಸರಿಗೆ ನೇರವಾಗಿ ಒಂದು ಮಾತು ಹೇಳಬೇಕು. ಅವರು ಹಾಕಿದ ಫೋಟೋ, ಉಡುಪು, ನಗು ನಿಮ್ಮ ಸಂದೇಶದ ವಿಷಯವಲ್ಲ. ‘ಊಟ ಆಯಿತೇ’, ‘ಎಲ್ಲಿರುತ್ತೀರಿ’ ಎಂಬಂಥ ಸಂದೇಶಗಳಿಂದಾಗಿಯೇ ಎಷ್ಟೋ ಮಹಿಳೆಯರು ಒಳ್ಳೆಯ ವೃತ್ತಿ ಪರಿಚಯಗಳಿಗೂ ಬಾಗಿಲು ಮುಚ್ಚಿಕೊಂಡಿದ್ದಾರೆ, ಅದು ನಮ್ಮೆಲ್ಲರ ನಷ್ಟ. ಅಂಥ ಸಂದೇಶ ಬಂದ ಹೆಣ್ಣುಮಕ್ಕಳು ದಾಕ್ಷಿಣ್ಯಕ್ಕೆ ಬಿದ್ದು ಉತ್ತರಿಸಬೇಕಿಲ್ಲ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ.

ಕೆಲಸ ಕೊಡುತ್ತೇವೆಂದು ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಹಣ ಕೇಳಿದರೆ ಅದು ಮೋಸವೇ. ಮಾತನ್ನು ಬೇಗನೆ ಟೆಲಿಗ್ರಾಂಗೆ ಎಳೆಯುವವರನ್ನೂ ಅನುಮಾನದಿಂದಲೇ ನೋಡಿ. ಹಣ ಕಳುಹಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಕೆಲಸ ಕೇಳುವ ಹೊತ್ತು

ಮೇಲಿನದೆಲ್ಲ ನಡೆದ ಮೇಲೆ ಕೆಲಸ ಕೇಳುವುದರಲ್ಲಿ ತಪ್ಪೇನಿಲ್ಲ, ಕೇಳಲೇಬೇಕು. ‘ಯಾವುದಾದರೂ ಕೆಲಸ’ ಎನ್ನಬೇಡಿ. ಕಂಪನಿಯ ಪ್ರಕಟಣೆಯಲ್ಲಿರುವ ಹುದ್ದೆಯ ಹೆಸರು, ಅದರ ಕೊಂಡಿ, ನೀವು ಅದಕ್ಕೆ ಹೊಂದುವ ಎರಡು ಕಾರಣ ಬರೆದು, ‘ನನ್ನ ಕೆಲಸದ ಬಗ್ಗೆ ನಿಮಗೆ ತಿಳಿದಷ್ಟರಲ್ಲಿ ಹೆಸರು ಸೂಚಿಸಬಹುದು ಅನಿಸಿದರೆ ಮಾತ್ರ ಸೂಚಿಸಿ’ ಎಂದು ಕೇಳಿ. ರೆಫರಲ್ ಕೊಡುವವರು ತಮ್ಮ ಹೆಸರನ್ನೇ ಪಣಕ್ಕಿಡುತ್ತಾರೆ. ಇಲ್ಲವೆನ್ನಲು ಅವರಿಗೆ ಜಾಗ ಬಿಟ್ಟುಕೊಡುವುದು ಸೌಜನ್ಯ.

ಪ್ರೊಫೈಲ್‌ನಲ್ಲಿ ಕಾಣುವ ಲಿಖಿತ ಶಿಫಾರಸನ್ನು ನಿಮ್ಮ ಕೆಲಸ ಕಣ್ಣಾರೆ ಕಂಡವರಿಂದ ಮಾತ್ರ ಕೇಳಿ: ಮೇಲ್ವಿಚಾರಕರು, ಸಹೋದ್ಯೋಗಿಗಳು, ಪ್ರಾಜೆಕ್ಟ್ ನೋಡಿಕೊಂಡ ಉಪನ್ಯಾಸಕರು. ಯಾವ ಕೆಲಸದ ಬಗ್ಗೆ ಬರೆದರೆ ಉಪಯೋಗವೆಂದು ನೆನಪಿಸಿದರೆ ಅವರಿಗೂ ಸುಲಭ. ಅವರು ಬರೆದದ್ದು ನೀವು ಒಪ್ಪುವವರೆಗೆ ಪ್ರೊಫೈಲ್‌ನಲ್ಲಿ ಕಾಣಿಸುವುದಿಲ್ಲ, ತಿದ್ದುಪಡಿ ಬೇಕಿದ್ದರೆ ವಿನಯದಿಂದ ಕೋರಬಹುದು. ಒಂದು ಕ್ಲಿಕ್ಕಿನಲ್ಲಿ ಸಿಗುವ ಕೌಶಲ ಅನುಮೋದನೆಗಳಿಗಿಂತ ಇಂಥ ಎರಡು ಪ್ಯಾರಾ ಹೆಚ್ಚು ತೂಕದವು.

ಆಯ್ಕೆ ಪತ್ರ ಕೈಗೆ ಬಂದಾಗ ಎಲ್ಲರಿಗೂ ಕಾಣುವ ಪೋಸ್ಟ್ ಹಾಕುವ ಮೊದಲು ಆ ನೋಟ್‌ಬುಕ್ ತೆಗೆಯಿರಿ. ಸಲಹೆ ಕೊಟ್ಟವರು, ಪರಿಚಯ ಮಾಡಿಸಿದವರು, ಪ್ರಯತ್ನಿಸಿಯೂ ಏನೂ ಮಾಡಲಾಗದವರು, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆಯಿರಿ. ಅವರು ಹೇಳಿದ ಯಾವ ಮಾತು ನೆರವಾಯಿತು ಎಂಬುದನ್ನೂ ಸೇರಿಸಿ. ಹೊಸ ಕಂಪನಿಯಲ್ಲಿ ಕೆಲಸ ಶುರುವಾದ ಮೇಲೆ ಶೀರ್ಷಿಕೆ ಬದಲಿಸಿ, ಇನ್‌ಬಾಕ್ಸ್‌ಗೆ ಬಂದ ಕಿರಿಯರ ಪ್ರಶ್ನೆಗಳಿಗೆ ಉತ್ತರ ಬರೆಯಲು ಕೂರಿ.